ಯಾರಿಗೂ ಕೇಳದ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದೇ ನಾಲ್ಕು ಜನಕ್ಕೆ ಕೇಳಿಸಲಿ ಎಂದು. 1920ರ ದಶಕದ ಅಮೆರಿಕದಲ್ಲಿ ಡಾನ್ಸ್ ಹಾಲ್‌ಗಳು ದೊಡ್ಡದಾದವು, ಬ್ಯಾಂಡುಗಳೂ ದೊಡ್ಡದಾದವು. ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ ಎಲ್ಲ ಒಟ್ಟಿಗೆ ಎದ್ದಾಗ ಮರದ ಗಿಟಾರ್ ಹಿಡಿದು ಕೂತವನ ಕೈ ಆಡುವುದು ಕಾಣುತ್ತಿತ್ತು, ಸ್ವರ ಮಾತ್ರ ಕೇಳುತ್ತಿರಲಿಲ್ಲ. ಈ ಸಂಕಟಕ್ಕೆ ಲಾಸ್ ಏಂಜಲೀಸ್‌ನ ವಾದಕ ಜಾರ್ಜ್ ಬೀಚಮ್ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯಲ್ಲಿ ಪರಿಹಾರ ಹುಡುಕಿದ. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1932ರಲ್ಲಿ ಅಲ್ಯುಮಿನಿಯಮ್ಮಿನ ಗಿಟಾರೊಂದನ್ನು ಮಾರಾಟಕ್ಕೆ ಬಿಟ್ಟ. ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಅದರ ದುಂಡು ಮೈ, ಉದ್ದ ಹಿಡಿ ನೋಡಿ ಜನ ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಿಟ್ಟರು. 1939ರಲ್ಲಿ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಬೆನ್ನಿ ಗುಡ್‌ಮನ್‌ನ ಜಾಝ್ ತಂಡ ಸೇರಿದ ಮೇಲಂತೂ ಗಿಟಾರಿನ ಒಂಟಿ ತಂತಿ ಊದುವವರ ಸರಿಸಮಕ್ಕೆ ನಿಂತಿತು. ಅಲ್ಲಿಂದ ಮುಂದಿನದೆಲ್ಲ ಸದ್ದಿನ ಕಥೆಯೇ: ಮೈದಾನಗಳು, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಮರುದಿನವೂ ಗುಂಯ್‌ಗುಡುವ ಕಿವಿಗಳು.

ಅದೇ ವಾದ್ಯವನ್ನು ಈಗ ಬೆಳಗಿನ ಐದೂವರೆಗೆ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿನ ನಿದ್ದೆ ಕೆಡಿಸದೆ ನುಡಿಸಬಹುದು. ಬೆಂಗಳೂರಿನ ಫ್ಲಾಟಾದರೂ ಅಷ್ಟೆ, ನ್ಯೂಜೆರ್ಸಿಯ ಅಪಾರ್ಟ್‌ಮೆಂಟಾದರೂ ಅಷ್ಟೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮ 2000ನೇ ಇಸವಿಯಲ್ಲಿ ಬಂತು. ಅದರ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಜನವಸತಿ ಪ್ರದೇಶದಲ್ಲಿ 45 ಡೆಸಿಬೆಲ್ ಮೀರಬಾರದು. ಎದುರಾಬದುರು ಕೂತು ಆಡುವ ಸಾಮಾನ್ಯ ಮಾತೇ 60ರ ಹತ್ತಿರ ಬರುತ್ತದೆ. ಅಂದರೆ ಆರರೊಳಗಿನ ಗಿಟಾರಿಗೆ ನೆಮ್ಮದಿಯ ದಾರಿ ಹೆಡ್‌ಫೋನೇ. ಕಾನೂನು ಬದಿಗಿರಲಿ, ಮನೆಯವರ ಮುಖ ನೋಡಬೇಕಲ್ಲ.

ಜೋಡಣೆ ಸರಳ. ಗಿಟಾರಿನಿಂದ ಒಂದು ಕೇಬಲ್ ಇಂಟರ್‌ಫೇಸಿಗೆ, ಇಂಟರ್‌ಫೇಸಿನಿಂದ ಇನ್ನೊಂದು ಟ್ಯಾಬ್ಲೆಟ್ ಕಂಪ್ಯೂಟರಿಗೆ, ಹೆಡ್‌ಫೋನ್ ಮತ್ತೆ ಇಂಟರ್‌ಫೇಸಿಗೇ. ಈ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಯ ಕೆಲಸವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಗಿಟಾರಿನ ಪಿಕಪ್ಪಿನಲ್ಲಿ ಅಯಸ್ಕಾಂತದ ಸುತ್ತ ಕೂದಲೆಳೆಗಿಂತ ತೆಳುವಾದ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು ಸುತ್ತಿರುತ್ತದೆ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕೆಳಗೆ ಅಷ್ಟಿಷ್ಟು ಮಿಲಿವೋಲ್ಟ್ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ವಿದ್ಯುತ್ತು ಬಹಳ ಬಡಕಲು. ಮೈಕಿಗೆಂದು ಮಾಡಿದ ತೂತಿಗೆ ಸಿಕ್ಕಿಸಿದರೆ ಅರ್ಧ ಪ್ರಾಣ ಅಲ್ಲೇ ಹೋಗಿ, ಕಂಬಳಿ ಹೊದಿಸಿದಂಥ ದನಿ ಬರುತ್ತದೆ. ಅದಕ್ಕೇ ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಎಂದೋ ‘ಹೈ-ಝಡ್’ ಎಂದೋ ಒಂದು ಗುಂಡಿ ಇರುವುದು. ಅದನ್ನು ಒತ್ತಿದರೆ ಪೆಟ್ಟಿಗೆಯು ಸುಮಾರು 10 ಲಕ್ಷ ಓಮ್‌ನ ತಡೆಯೊಡ್ಡಿ, ಗಿಟಾರಿನಿಂದ ಹೆಚ್ಚೇನೂ ಹೀರಿಕೊಳ್ಳದೆ ಅದರ ಮಾತನ್ನು ಕೇಳುತ್ತದೆ. ಕೇಳಿದ್ದನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆದುಕೊಳ್ಳುತ್ತದೆ. ಪ್ರತಿ ಅಳತೆಗೂ 24 ಬಿಟ್, ಅಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳ ಅಳತೆಗೋಲು. ಟ್ಯಾಬಿನೊಳಗೆ ಆ್ಯಂಪ್ಲಿಫೈಯರಿನ ಕೆಲಸ ಮಾಡುವ ಆ್ಯಪ್ ಆ ಅಂಕಿಗಳ ಮೇಲೆ ತನ್ನ ಲೆಕ್ಕ ನಡೆಸಿ ವಾಪಸು ಕೊಡುತ್ತದೆ, ಪೆಟ್ಟಿಗೆ ಮತ್ತೆ ವಿದ್ಯುತ್ತು ಮಾಡಿ ಕಿವಿಗೆ ಕಳಿಸುತ್ತದೆ. ಇಷ್ಟೆಲ್ಲ ಓಡಾಟ ಒಬ್ಬನ ಎರಡು ಕಿವಿಗಾಗಿ.

ಟ್ಯಾಬಿನ ಮಾತಿಗೆ ಬಂದರೆ, 2010ರಲ್ಲಿ ಮೊದಲ ಐಪ್ಯಾಡ್ ಬಂದಾಗ ಕ್ಯಾಮೆರಾದ ಫೋಟೊ ಇಳಿಸಿಕೊಳ್ಳಲೆಂದು ಒಂದು ಸಣ್ಣ ಅಡಾಪ್ಟರ್ ಮಾರುತ್ತಿದ್ದರು. ಕುತೂಹಲದ ಜನ ಅದಕ್ಕೆ ಕ್ಯಾಮೆರಾ ಬಿಟ್ಟು ಯುಎಸ್‌ಬಿ ಇಂಟರ್‌ಫೇಸ್ ಸಿಕ್ಕಿಸಿ ನೋಡಿದರು, ಕೆಲಸ ಮಾಡಿತು. ಮರುವರ್ಷ ಐಪ್ಯಾಡಿಗೆ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಬಂತು. ಆಂಡ್ರಾಯ್ಡ್ ಟ್ಯಾಬ್ ಇದ್ದವರು ಮಾತ್ರ ಬಹಳ ಕಾಲ ಕಾಯಬೇಕಾಯಿತು. ತಂತಿ ಮೀಟಿದ ಮೇಲೆ ಸದ್ದು ಬರುವುದಕ್ಕೆ ಅಲ್ಲಿ ಅಷ್ಟು ತಡವಾಗುತ್ತಿತ್ತು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಎ-ಆಡಿಯೊ ಎಂಬ ಹೊಸ ದಾರಿ ತೆರೆದ ಮೇಲೆ ಪರಿಸ್ಥಿತಿ ಸುಧಾರಿಸಿತು. ಆದರೂ ಸಾಧನದಿಂದ ಸಾಧನಕ್ಕೆ ವ್ಯತ್ಯಾಸ ಇದ್ದೇ ಇದೆ.

ಈ ತಡ ಎಂಬುದರ ಬಗ್ಗೆ ಹೊಸಬರು ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಆ್ಯಪಿನ ಸೆಟ್ಟಿಂಗಿನಲ್ಲಿ ಬಫರ್ ಎಂದಿರುವ ಜಾಗದಲ್ಲಿ 128 ಎಂದು ಇಟ್ಟರೆ 128 ಅಳತೆಗಳು ತುಂಬುವವರೆಗೆ ಯಂತ್ರ ಕಾಯುತ್ತದೆ. 48,000ದ ಲೆಕ್ಕದಲ್ಲಿ ಅದು ಎರಡೂಮುಕ್ಕಾಲು ಮಿಲಿಸೆಕೆಂಡಿಗೂ ಸ್ವಲ್ಪ ಕಡಿಮೆ. ಒಳಗೆ ಹೋಗಲು ಒಮ್ಮೆ, ಹೊರಗೆ ಬರಲು ಒಮ್ಮೆ, ಮಧ್ಯದ ಪರಿವರ್ತನೆಗೆ ಚೂರು ಸೇರಿಸಿದರೂ ಒಳ್ಳೆಯ ಜೋಡಣೆಯಲ್ಲಿ ಹತ್ತು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಗಾಳಿಯಲ್ಲಿ ಶಬ್ದ ಹತ್ತು ಮಿಲಿಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಹೆಚ್ಚುಕಡಿಮೆ 11 ಅಡಿ. ವೇದಿಕೆಯ ಮೇಲೆ ತನ್ನ ಆ್ಯಂಪಿನಿಂದ 11 ಅಡಿ ದೂರ ನಿಂತ ವಾದಕನಿಗೂ ಇಷ್ಟೇ ತಡವಾಗಿ ತನ್ನ ಸ್ವರ ಕೇಳುತ್ತದೆ. ಅವನು ದೂರು ಹೇಳಿದ್ದು ನನಗೆ ಗೊತ್ತಿಲ್ಲ. ಕೈ ಮುಂದೆ ಹೋಗುತ್ತದೆ, ಸ್ವರ ಹಿಂದೆಯೇ ಬರುತ್ತದೆ, ಇವೆರಡರ ನಡುವಿನ ಸಂದಿಯನ್ನು ಮನಸ್ಸು ತಾನೇ ಹೊಲಿದುಕೊಳ್ಳುತ್ತದೆ. ಸಂದಿ ದೊಡ್ಡದಾದಾಗ ಮಾತ್ರ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಹೋದರೆ ತಡ ನೂರು, ಇನ್ನೂರು ಮಿಲಿಸೆಕೆಂಡಿಗೆ ಹೋಗುತ್ತದೆ. ಆಗ ಕೈ ಸ್ವರಕ್ಕಾಗಿ ಕಾಯತೊಡಗುತ್ತದೆ, ಕಾದಷ್ಟೂ ಲಯ ಜಗ್ಗುತ್ತದೆ, ಸ್ವಲ್ಪ ಹೊತ್ತಿಗೆ ನುಡಿಸುವುದೇ ಬೇಡ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಕಿವಿಗೆ ಬೀಳುವುದು ಬೆಳಗಿನ ಮೌನದಲ್ಲೇ. ಇಂಟರ್‌ಫೇಸಿನ ಗೇನ್ ತಿರುಗಿಸಿದರೆ, ಇನ್ನೂ ತಂತಿ ಮುಟ್ಟುವ ಮೊದಲೇ ಹಿಂದುಗಡೆ ಒಂದು ಸಣ್ಣ ಗುಂಯ್ ಇರುತ್ತದೆ. ಟ್ಯಾಬನ್ನು ಚಾರ್ಜಿಗೆ ಹಾಕಿದ್ದರೆ, ಮನೆಯ ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಜೋರು. ತಂತಿಯ ಮೇಲೆ ಅಂಗೈ ಇಟ್ಟರೆ ಕಡಿಮೆಯಾಗುತ್ತದೆ. ಒಂಟಿ ಸುರುಳಿಯ ಪಿಕಪ್ಪುಗಳಿಗೆ ಈ ಕಾಯಿಲೆ ಹೆಚ್ಚು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಈ ಗುಂಯ್ ಅನ್ನು ಕೊಂದ, ಅದಕ್ಕೇ ಆ ಪಿಕಪ್ಪಿಗೆ ಹಂಬಕರ್ ಎಂದು ಹೆಸರು. ಆದರೆ ಕೊಲ್ಲುವ ಮುನ್ನ ಅದನ್ನು ಸ್ವಲ್ಪ ಆಲಿಸಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಪಾಶ್ಚಾತ್ಯರ ‘ಜಿ’ ಎಂದರೆ ನಮ್ಮ ಐದು ಮನೆ, ಕೆಳಗಿನ ಒಂದು ‘ಜಿ’ಯ ಕಂಪನ ಸೆಕೆಂಡಿಗೆ 49. ಅಂದರೆ ನಮ್ಮ ಗೋಡೆಯೊಳಗಿನ ವೈರಿಂಗ್ ಹಗಲೂ ರಾತ್ರಿ ಐದು ಮನೆ ಶ್ರುತಿಯಲ್ಲಿ, ಕೂದಲೆಳೆಯಷ್ಟು ಮೇಲೆ, ಹಾಡುತ್ತಲೇ ಇದೆ. ಅಮೆರಿಕದಲ್ಲಿ ಕರೆಂಟು 60, ಅಲ್ಲಿ ಗೋಡೆಗಳ ಶ್ರುತಿಯೇ ಬೇರೆ. ಶ್ರುತಿಯ ಮಾತು ಬಂತು ಅಂತ ಹೇಳುತ್ತೇನೆ: ತಂಬೂರಿಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸಿದವರಲ್ಲಿ ನಮ್ಮ ಬೆಂಗಳೂರಿನವರಿದ್ದಾರೆ, ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಕಟ್ಟಿದ ರಾಡೆಲ್ ಸಂಸ್ಥೆ. ಈಗ ಆ ಪೆಟ್ಟಿಗೆಯೂ ಆ್ಯಪ್ ಆಗಿ ಅದೇ ಟ್ಯಾಬಿನೊಳಗೆ ಗಿಟಾರಿನ ಪಕ್ಕದಲ್ಲೇ ಕೂತಿದೆ.

ಆ್ಯಪ್ ತೆರೆದರೆ ಪರದೆಯ ಮೇಲೆ ಹಳೆಯ ಆ್ಯಂಪುಗಳ ಚಿತ್ರ. ಬಟ್ಟೆ ಹೊದೆಸಿದ ಸ್ಪೀಕರ್, ತಿರುಗಿಸುವ ಗುಂಡಿ, ಕೆಂಪು ದೀಪ. ಮುಟ್ಟಿದರೆ ಗಾಜು. ಇಲ್ಲಿರುವ ಪ್ರತಿಯೊಂದು ದನಿಯೂ ಎಲ್ಲೋ ಒಂದು ಕಡೆ ಯಾರದೋ ತಲೆನೋವಾಗಿದ್ದದ್ದು. ಹಳೆಯ ಆ್ಯಂಪಿನೊಳಗಿನ ವಾಲ್ವಿಗೆ ತಡೆಯಲಾರದಷ್ಟು ಸಿಗ್ನಲ್ ಕೊಟ್ಟಾಗ ಸ್ವರ ಒಡೆಯುತ್ತದೆ, ಅದು ಆ್ಯಂಪಿನ ದೋಷ ಎಂದೇ ಮೊದಲು ಎಣಿಸಿದ್ದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್, ಆಗಿನ್ನೂ 17ರ ಹುಡುಗ, ಲಂಡನ್ನಿನಲ್ಲಿ ತನ್ನ ಪುಟ್ಟ ಆ್ಯಂಪಿನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಆ ಹರಕು ದನಿಯೇ ‘ಯೂ ರಿಯಲಿ ಗಾಟ್ ಮೀ’ ಹಾಡಿನಲ್ಲಿ ಜಗತ್ತಿಗೆ ಕೇಳಿತು. ಇವತ್ತು ಅಂಥ ಸೀಳನ್ನು ಒಂದು ಗಣಿತದ ಸೂತ್ರ ಮಾಡಿಕೊಡುತ್ತದೆ. ಬ್ಲೇಡು ಬೇಡ, ಅಪ್ಪನ ಬೈಗುಳ ಬೇಡ.

ಬೇಡದ್ದು ಇಷ್ಟೆಲ್ಲ ಇಲ್ಲವಾದ ಮೇಲೂ ನೂರಾರು ದನಿಗಳ ಪಟ್ಟಿ ಕಣ್ಣೆದುರು ಇರುತ್ತದೆ. ಬೆಳಿಗ್ಗೆ ಸಿಗುವ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲನ್ನು ಅದೇ ನುಂಗುತ್ತದೆ. ಇದು ಗಿಟಾರಿಗೆ ಮಾತ್ರ ಬಂದ ರೋಗವಲ್ಲ ಬಿಡಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಆ ಪಟ್ಟಿಯ ಕೊನೆಯಲ್ಲಿರುವ ಒಂದು ಸಾಧಾರಣ ಗುಂಡಿ, ಪ್ರತಿಧ್ವನಿ ಸೇರಿಸುವ ರಿವರ್ಬ್. ಹೆಡ್‌ಫೋನಿನಲ್ಲಿ ಗಿಟಾರಿನ ಸ್ವರ ನೇರ ಕಿವಿಯೊಳಗೇ ಹುಟ್ಟುತ್ತದೆ, ಅದಕ್ಕೆ ಗೋಡೆಯಿಲ್ಲ, ಸೂರಿಲ್ಲ. ಒಂದೆರಡು ನಿಮಿಷ ಹಾಗೆ ಬರಿದಾಗಿ ಕೇಳಿದರೆ ಉಸಿರು ಕಟ್ಟಿದಂತಾಗುತ್ತದೆ. ಆಗ ಬೆರಳು ತಾನಾಗಿ ರಿವರ್ಬ್ ಕಡೆ ಹೋಗುತ್ತದೆ: ‘ರೂಮ್’, ‘ಹಾಲ್’, ‘ಚರ್ಚ್’. ಕೆಲವು ಆ್ಯಪುಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ನಿಜವಾದ ಸ್ಟುಡಿಯೊದಲ್ಲಿ, ನಿಜವಾದ ಸ್ಪೀಕರಿನ ಮುಂದೆ ಮೈಕಿಟ್ಟು, ಒಂದು ಚಿಕ್ಕ ಸದ್ದು ಹೊರಡಿಸಿ, ಆ ಸ್ಪೀಕರು ಮೈಕುಗಳು ಅದಕ್ಕೆ ಕೊಟ್ಟ ಉತ್ತರವನ್ನು ಅಳೆದಿಟ್ಟುಕೊಂಡಿರುತ್ತಾರೆ. ಸೆಕೆಂಡಿನ ಒಂದು ಚೂರಿನಷ್ಟು ಉದ್ದದ ಫೈಲು ಅದು, ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ನಾನು ಮೀಟುವ ಪ್ರತಿ ಸ್ವರವೂ ಆ ಫೈಲಿನ ಮೂಲಕ ಹಾದು, ನಾನು ಎಂದೂ ಕಾಲಿಡದ ಕೋಣೆಯ ವಾಸನೆ ಹೊತ್ತುಕೊಂಡು ಬರುತ್ತದೆ. ಜನ ಕೇಳದಿರಲಿ ಎಂದು ಹೆಡ್‌ಫೋನ್ ಹಾಕಿಕೊಂಡವನು, ಹಾಕಿಕೊಂಡ ಮೇಲೆ ಮೊದಲು ಮಾಡುವ ಕೆಲಸ ಜನ ಕೂರಬಹುದಾದ ಒಂದು ಹಾಲ್ ಕಟ್ಟಿಕೊಳ್ಳುವುದು. ಖಾಲಿ ಹಾಲ್ ನಿಜ. ಆದರೆ ಹಾಲ್ ಬೇಕು.

ಹೊರಗಿನಿಂದ ನೋಡಿದರೆ ದೃಶ್ಯವೇ ಬೇರೆ. ನುಡಿಸುವವನ ಕಿವಿಯಲ್ಲಿ ಚರ್ಚಿನ ಗೋಪುರದವರೆಗೆ ಏರುವ ಸ್ವರ, ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟವರಿಗೆ ಕೇಳುವುದು ಪ್ಲಾಸ್ಟಿಕ್ ಪಿಕ್ಕು ಉಕ್ಕಿನ ತಂತಿಗೆ ತಗಲುವ ಟಿಕ್ ಟಿಕ್, ಟಿಣ್ ಟಿಣ್. ಆಗಾಗ ಬೆರಳು ತಂತಿಯ ಮೇಲೆ ಜಾರುವ ಕಿರ್ರ್. ಮತ್ತೆ ಒಂದು ಕಾಲು ನೆಲಕ್ಕೆ ಬಡಿಯುವ ಸದ್ದು. ಈ ಕಾಲಿನ ತಾಳ ಕೆಳಗಿನ ಮನೆಯವರಿಗೆ ಚೆನ್ನಾಗಿ ಕೇಳುತ್ತದೆ ಎಂಬುದನ್ನು ಅಪಾರ್ಟ್‌ಮೆಂಟಿನಲ್ಲಿರುವ ಗಿಟಾರಿಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಚಾಪೆ ಹಾಕಿಕೊಂಡರೆ ಮುಗಿಯಿತು.

ಹಳೆಯ ವಠಾರಗಳಲ್ಲಿ ಹೀಗಿರಲಿಲ್ಲ. ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಒಂದು ಬಾವಿ, ಒಂದು ಅಂಗಳ, ಸುತ್ತ ಏಳೆಂಟು ಬಾಗಿಲು. ಬೆಳಿಗ್ಗೆ ಒಂದು ಬಾಗಿಲಿನಿಂದ ಮಾಯಾಮಾಳವಗೌಳದ ಸರಳೆ ವರಸೆ ಹೊರಟರೆ ವಠಾರಕ್ಕೆಲ್ಲ ಪಾಠ. ಯಾರ ಮನೆಯ ಹುಡುಗಿ ಜಂಟಿ ವರಸೆಗೆ ಬಂದಳು, ಯಾರು ಇನ್ನೂ ಮೂರನೆಯ ಕಾಲದಲ್ಲಿ ಮುಗ್ಗರಿಸುತ್ತಿದ್ದಾರೆ ಎಂಬುದು ಹಾಲು ಹಾಕುವವನಿಗೂ ಗೊತ್ತು. ಬಾವಿಕಟ್ಟೆಯಲ್ಲಿ ಕೊಡ ಇಳಿಸುತ್ತ ಅಜ್ಜಿಯೊಬ್ಬರು, “ಇವತ್ತು ರಿಷಭ ಸರಿಯಾಗಿ ನಿಂತಿತಲ್ಲೇ” ಎಂದರೆ ಅದೇ ಪರೀಕ್ಷೆ, ಅದೇ ಫಲಿತಾಂಶ. ಸಂಗೀತ ಕಲಿಯದವರೂ ಕೇಳಿ ಕೇಳಿ ಒಂದು ಮಟ್ಟದ ಕಿವಿ ಬೆಳೆಸಿಕೊಂಡಿರುತ್ತಿದ್ದರು. ಇದರಲ್ಲಿ ಸುಖವೇ ಇತ್ತು ಎನ್ನಲಾರೆ. ಬೆರಳೋ ಗಂಟಲೋ ಇನ್ನೂ ಎಳಸಾಗಿರುವಾಗಲೇ ಊರಿನ ಕಿವಿಗೆ ಬಿದ್ದು, ಯಾರೋ ನಕ್ಕದ್ದಕ್ಕೆ ಪಾಠ ಬಿಟ್ಟವರು ಬೇಕಾದಷ್ಟು ಜನ. ನಲವತ್ತು ದಾಟಿದ ಮೇಲೆ ಮೊದಲ ಸಲ ಗಿಟಾರ್ ಹಿಡಿದವರು ಇವತ್ತು ಧೈರ್ಯವಾಗಿ ಮುಂದುವರಿಯುತ್ತಿದ್ದರೆ, ಅದಕ್ಕೆ ಹೆಡ್‌ಫೋನೂ ಒಂದು ಕಾರಣ. ಅದೇ ಸೊಲ್ಲನ್ನು ತಿರುತಿರುಗಿ ನುಡಿಸಿದರೂ ಕೇಳಿಸಿಕೊಂಡು ಬೇಸರಪಡುವವರು ಯಾರೂ ಇಲ್ಲ.

ಹೆಡ್‌ಫೋನಿನಲ್ಲಿ ನುಡಿಸುವುದರಿಂದ ಗಮಕಕ್ಕೂ ಒಂದು ಲಾಭವಿದೆ. ವಿದ್ಯುತ್ತು ಸ್ವರವನ್ನು ದೊಡ್ಡದು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಉದ್ದವನ್ನೂ ಮಾಡುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ತೋರಿಸಿಕೊಟ್ಟವರು ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್. ಮ್ಯಾಂಡೊಲಿನ್ನಿನ ಸ್ವರ ಮೀಟಿದ ಕೂಡಲೇ ಸತ್ತುಹೋಗುತ್ತದೆ, ಅದರಲ್ಲಿ ಗಮಕ ಎಲ್ಲಿಂದ ಬರಬೇಕು? ಅವರು ಜೋಡಿ ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಹಾಕಿ, ಎಲೆಕ್ಟ್ರಿಕ್ ಮಾಡಿ, ಸ್ವರವನ್ನು ಬೇಕಾದಷ್ಟು ಹೊತ್ತು ಬದುಕಿಸಿಕೊಂಡರು. ಹುಡುಗನಾಗಿದ್ದಾಗಲೇ ದೊಡ್ಡ ಸಭೆಗಳಲ್ಲಿ ಕೂತರು. ಮದರಾಸಿನಲ್ಲಿ ಸುಕುಮಾರ್ ಪ್ರಸಾದ್ ಎಲೆಕ್ಟ್ರಿಕ್ ಗಿಟಾರಿನಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಹೆಡ್‌ಫೋನಿನಲ್ಲಿ ನುಡಿಸುವವನಿಗೆ ಈ ಉದ್ದದ ಸ್ವರ ಇನ್ನೂ ಹತ್ತಿರದಿಂದ ಕಾಣುತ್ತದೆ. ತಂತಿಯನ್ನು ಪಕ್ಕಕ್ಕೆ ತಳ್ಳಿ ಗಾಂಧಾರದಿಂದ ಮಧ್ಯಮಕ್ಕೆ ಏರಿಸುವಾಗ ಬೆರಳು ಎಲ್ಲಿ ತಲುಪಿತು, ಎಷ್ಟು ಹೊತ್ತು ನಿಂತಿತು, ಇಳಿಯುವಾಗ ಎಲ್ಲಿ ಅವಸರ ಮಾಡಿತು ಎಲ್ಲವೂ ಕಿವಿಯೊಳಗೇ ನಡೆಯುತ್ತದೆ. ಆದರೆ ಒಂದು ಷರತ್ತು. ಈ ಹೊತ್ತಿನಲ್ಲಿ ರಿವರ್ಬ್, ಡಿಲೇ, ಒಡಕು ದನಿ ಎಲ್ಲ ಆರಿಸಿರಬೇಕು. ಪ್ರತಿಧ್ವನಿ ತುಂಬಿದ ಹಾಲಿನಲ್ಲಿ ಎಲ್ಲ ಗಮಕವೂ ಚೆಂದವೇ.

ಇಷ್ಟಾದರೂ ಬಾವಿಕಟ್ಟೆಯ ಅಜ್ಜಿಯ ಜಾಗ ಖಾಲಿಯೇ ಉಳಿಯುತ್ತದೆ. ತನಗೆ ತಾನೇ ಕೇಳಿಸಿಕೊಳ್ಳುವವನ ಕಿವಿ ಬಹಳ ದಾಕ್ಷಿಣ್ಯದ ಕಿವಿ. ನುಡಿಸಬೇಕೆಂದು ಹೊರಟಿದ್ದನ್ನೇ ಅದು ಕೇಳಿಸಿಕೊಳ್ಳುತ್ತದೆ, ನುಡಿಸಿದ್ದನ್ನಲ್ಲ. ಆ್ಯಪಿನಲ್ಲಿರುವ ಕೆಂಪು ರೆಕಾರ್ಡ್ ಗುಂಡಿ ಈ ದಾಕ್ಷಿಣ್ಯವನ್ನು ಸ್ವಲ್ಪ ಮುರಿಯುತ್ತದೆ. ಇವತ್ತು ನುಡಿಸಿದ್ದನ್ನು ನಾಳೆ ಬೆಳಿಗ್ಗೆ, ಗಿಟಾರ್ ಕೈಯಲ್ಲಿಲ್ಲದೆ ಕೇಳಬೇಕು. ಮೆಟ್ರೊನೋಮ್ ಗೆರೆಗಳ ಪಕ್ಕ ನಮ್ಮ ಸ್ವರದ ಅಲೆ ಎಲ್ಲಿ ಬಿದ್ದಿದೆ ಎಂದು ಪರದೆಯ ಮೇಲೆ ಕಣ್ಣಿಗೂ ಕಾಣುತ್ತದೆ. ಬಹುಪಾಲು ಎಲ್ಲರದೂ ಗೆರೆಗಿಂತ ಮುಂದೆಯೇ ಇರುತ್ತದೆ. ಕಷ್ಟದ ಜಾಗ ಬೇಗ ದಾಟಿಬಿಡಬೇಕೆಂಬ ಆತುರ.

ಕೋಣೆಯಲ್ಲಿ ಹುಟ್ಟಿದ್ದು ಕೋಣೆಯಲ್ಲೇ ಉಳಿಯಬೇಕಿಲ್ಲ ಎಂಬುದಕ್ಕೆ ಉದಾಹರಣೆಗಳಿವೆ. ಡೇಮನ್ ಆಲ್ಬರ್ನ್ 2010ರಲ್ಲಿ ಗೊರಿಲಾಜ್ ತಂಡದೊಡನೆ ಅಮೆರಿಕ ಸುತ್ತುತ್ತ ಹೋಟೆಲ್ ಕೋಣೆಗಳಲ್ಲಿ ‘ದಿ ಫಾಲ್’ ಆಲ್ಬಮ್ಮಿನ ಬಹುಭಾಗವನ್ನು ಐಪ್ಯಾಡಿನಲ್ಲೇ ಮಾಡಿದ. ಕ್ಯಾಲಿಫೋರ್ನಿಯಾದ ಸ್ಟೀವ್ ಲೇಸಿ ಫೋನಿಗೆ ಗಿಟಾರ್ ಸಿಕ್ಕಿಸಿ ಗ್ಯಾರೇಜ್‌ಬ್ಯಾಂಡಿನಲ್ಲಿ ಕಟ್ಟಿದ ತುಣುಕು 2017ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರನ ‘ಪ್ರೈಡ್’ ಹಾಡಿಗೆ ಅಡಿಪಾಯವಾಯಿತು. ಅವರಿಬ್ಬರಲ್ಲಿ ನಾನು ಮೆಚ್ಚುವುದು ಉಪಕರಣದ ಜಾಣತನವನ್ನಲ್ಲ, ಮಾಡಿದ್ದನ್ನು ತೆಗೆದು ಇನ್ನೊಬ್ಬರ ಮುಂದೆ ಇಟ್ಟರಲ್ಲ, ಅದನ್ನು. ನಮ್ಮ ನಿಮ್ಮಂಥವರ ಟ್ಯಾಬುಗಳಲ್ಲಿ ಯಾರಿಗೂ ಕೇಳಿಸದ ಎಷ್ಟೋ ಫೈಲುಗಳು ತಾರೀಕಿನ ಹೆಸರು ಹೊತ್ತು ಹಾಗೇ ಮಲಗಿವೆ. ಅವುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿರಬಹುದು. ಇನ್ನೊಂದು ಕಿವಿ ಕೇಳುವವರೆಗೆ ಅದನ್ನು ಹೇಳುವವರು ಯಾರು?

ಆದ್ದರಿಂದ ವಾರಕ್ಕೊಂದು ದಿನ, ಭಾನುವಾರವೇ ಇರಲಿ, ಮನೆಯವರೆಲ್ಲ ಎದ್ದು ತಿಂಡಿ ಮುಗಿಸಿದ ಮೇಲೆ ಹೆಡ್‌ಫೋನ್ ಕಿತ್ತಿಡಿ. ಇಂಟರ್‌ಫೇಸಿನಿಂದ ಒಂದು ಸಣ್ಣ ಸ್ಪೀಕರಿಗೆ ಸಂಪರ್ಕ ಕೊಟ್ಟು, ಬಾಗಿಲು ತೆರೆದಿಟ್ಟು, ಆ ವಾರ ಕಲಿತದ್ದನ್ನು ಒಮ್ಮೆ ಮೊದಲಿಂದ ಕೊನೆಯವರೆಗೆ ನುಡಿಸಿ. ನಡುವೆ ತಪ್ಪಿದರೆ ನಿಲ್ಲಿಸಿ ಕ್ಷಮೆ ಕೇಳಬೇಡಿ, ಮುಂದೆ ಹೋಗಿ. ಯಾರಾದರೂ ಪೇಪರ್ ಕೆಳಗಿಟ್ಟು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೂ ಚಿಂತೆಯಿಲ್ಲ. ಸ್ಪೀಕರ್ ಮಾತ್ರ ವೈರಿನದೇ ಇರಲಿ, ಬ್ಲೂಟೂತ್ ಬೇಡ.